ದಾಟುವವರಿಗೂ ದಾರಿ ಬೇಕು

ಬೆಂಗಳೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 75 ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಆಂಧ್ರ ಸೇರುತ್ತದೆ. ಈ ರಸ್ತೆಯಿಂದ ಕೋಲಾರ ಜಿಲ್ಲೆಗಾದ ಉಪಕಾರ ಸಣ್ಣದಲ್ಲ. ಕೋಲಾರ, ವಡ್ಡಹಳ್ಳಿ ಮಾರುಕಟ್ಟೆಗಳ ಟೊಮೆಟೊ, ಶ್ರೀನಿವಾಸಪುರದ ಮಾವು ದೂರದ ಊರುಗಳಿಗೆ ಬೇಗ ತಲುಪುತ್ತವೆ. ನರಸಾಪುರದ ಕಾರ್ಖಾನೆಗಳು ಸಾವಿರಾರು ಮಂದಿಗೆ ಕೆಲಸ ಕೊಟ್ಟಿವೆ. ಆದರೆ ರಸ್ತೆ ಅಗಲವಾದಷ್ಟೂ ಅದರ ಪಕ್ಕದ ಊರು ಎರಡು ಹೋಳಾಗುತ್ತದೆ. ಮನೆ ಈಚೆ, ಹೊಲ ಆಚೆ. ಶಾಲೆ ಈಚೆ, ಹಾಲಿನ ಡೇರಿ ಆಚೆ.

ಹೆದ್ದಾರಿಯ ಒಂದು ಬದಿಯ ಎರಡು ಪಥ ಸುಮಾರು 7 ಮೀಟರ್ ಅಗಲ. ಚುರುಕಾಗಿ ನಡೆದರೂ ದಾಟಲು 6 ಸೆಕೆಂಡು ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 160 ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಹುಲ್ಲಿನ ಹೊರೆ ಹೊತ್ತ ಅಜ್ಜಿಗೆ ಆ 6 ಸೆಕೆಂಡು ಸಾಲದು.

ಸ್ಕೈವಾಕ್ ಕಟ್ಟಿಸಿದರೂ ಜನ ಹತ್ತುವುದಿಲ್ಲ ಎಂಬ ದೂರಿದೆ. ಹೇಗೆ ಹತ್ತಿಯಾರು? ಲಾರಿಗಳಿಗಾಗಿ ಸೇತುವೆಯ ಕೆಳಗೆ 5.5 ಮೀಟರ್ ತೆರವು ಬಿಡಬೇಕು. ಅಷ್ಟೆತ್ತರಕ್ಕೆ ಮೆಟ್ಟಿಲಲ್ಲಿ ಸೈಕಲ್ಲನ್ನೋ ಹಾಲಿನ ಕ್ಯಾನನ್ನೋ ಹೊತ್ತೊಯ್ಯಲಾಗದು. 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ 2006–07ರಲ್ಲೇ ತಂದಿತ್ತು. ಸೈಕಲ್ ಕೊಟ್ಟ ಮೇಲೆ ಅದು ದಾಟುವ ದಾರಿಯನ್ನೂ ಕೊಡಬೇಕಲ್ಲವೇ? ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದದಂತೆ ಇಳಿಜಾರು ಮಾಡಿದರೂ ಒಂದೊಂದು ಬದಿಗೆ 66 ಮೀಟರಿಗೆ ಕಡಿಮೆಯಿಲ್ಲದ ರ‍್ಯಾಂಪ್ ಬೇಕು. ಅದಕ್ಕೆ ಜಾಗವನ್ನು ಮೊದಲೇ ತೆಗೆದಿಡಬೇಕು.

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ 2012ರಲ್ಲಿ ಹೋವನ್‌ರಿಂಗ್ ಎಂಬ ಸೈಕಲ್ ಸೇತುವೆ ಕಟ್ಟಿದಾಗ, ಸವಾರರಿಗೆ ಏರು ಹಗುರಾಗಲೆಂದು ಕೆಳಗಿನ ವಾಹನ ರಸ್ತೆಯನ್ನೇ ತಗ್ಗಿಸಿದರು. ನಮ್ಮಲ್ಲಿ ಅಷ್ಟು ದುಬಾರಿ ಸೇತುವೆಯೇ ಬೇಕೆಂದಿಲ್ಲ. ರಸ್ತೆ ಏರಿಯ ಮೇಲೆ ಸಾಗುವ ಕಡೆ ಅಂಡರ್‌ಪಾಸ್ ಮೇಲು. ಜನರಿಗೂ ಸೈಕಲ್ಲಿಗೂ ಲಾರಿಯ ಎತ್ತರ ಬೇಡ, 3 ಮೀಟರ್ ಸಾಕು. ಆದರೆ ಮಳೆನೀರು ಹರಿದುಹೋಗಬೇಕು, ರಾತ್ರಿ ದೀಪ ಉರಿಯಬೇಕು. ಇಲ್ಲವಾದರೆ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಮತ್ತೆ ಡಿವೈಡರ್ ಹತ್ತಿಯೇ ದಾಟುತ್ತಾರೆ.

ಎಲ್ಲಿ ಕಟ್ಟಬೇಕೆಂದು ಹುಡುಕಾಡಬೇಕಾಗಿಲ್ಲ. ಡಿವೈಡರ್ ಸಂದಿಯಲ್ಲಿ ಸವೆದ ಕಾಲುದಾರಿಯೇ ಜಾಗ ತೋರಿಸುತ್ತದೆ. ನಕ್ಷೆ ಬರೆಯುವ ಎಂಜಿನಿಯರುಗಳು ಮೊದಲು ಗ್ರಾಮಸಭೆಗೆ ಬಂದು ಕೂರಲಿ. ಪಂಚಾಯಿತಿಗಳೂ ಈ ಬೇಡಿಕೆಯನ್ನು ಠರಾವಿನಲ್ಲಿ ಬರೆಸಿ, ಬೆನ್ನು ಹತ್ತಲಿ. ಹೆದ್ದಾರಿ ಹಾದುಹೋಗುವವರದಷ್ಟೇ ಅಲ್ಲ, ಅದಕ್ಕೆ ನೆಲ ಬಿಟ್ಟುಕೊಟ್ಟ ಊರಿನವರದೂ ಹೌದು.