ತಪ್ಪಿದವನಿಗೂ ಒಂದು ಟಿಕ್ ಇರಲಿ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ 'ಆಟಕ್ಕೆ ಹೋಗುವ' ಅಂದ್ರೆ ಯಕ್ಷಗಾನಕ್ಕೆ ಅಂತಲೇ ಅರ್ಥ. ಹಾಸ್ಟೆಲಿನಲ್ಲಿ ಶನಿವಾರ ರಾತ್ರಿ ನಾವು ಆಡುವ ಆಟ ಬೇರೆ: ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಒಬ್ಬ ಕಥೆ ನಡೆಸುತ್ತಾನೆ, ಉಳಿದವರಿಗೆ ಒಂದೊಂದು ಪಾತ್ರ, ಗೆದ್ದೆವೋ ಸೋತೆವೋ ಅಂತ ಹೇಳುವುದು ದಾಳ.

ಈ ಆಟದಲ್ಲಿ ಪಾತ್ರ ಬೆಳೆಯುವ ರೀತಿಯ ಬಗ್ಗೆ ನಮಗೊಂದು ತಕರಾರಿದೆ. ಐದನೇ ಆವೃತ್ತಿಯಲ್ಲಿ ಒಂದು ಗಾಬ್ಲಿನ್ ಕೊಂದರೆ 50 ಎಕ್ಸ್‌ಪಿ. ಎರಡನೇ ಲೆವೆಲಿಗೆ ಒಬ್ಬೊಬ್ಬರಿಗೆ 300 ಬೇಕು. ಅಂದ್ರೆ ನಾಲ್ಕು ಜನ ಸೇರಿ 24 ಗಾಬ್ಲಿನ್ ಮುಗಿಸಿದರೆ ಎಲ್ಲರೂ ಪಾಸ್. ಐದನೇ ಲೆವೆಲಿಗೆ ಬಂದಾಗ ಪ್ರೊಫಿಷಿಯೆನ್ಸಿ ಬೋನಸ್ 2ರಿಂದ 3 ಆಗ್ತದೆ. ಕತ್ತಿ ಬೀಸಿಯೇ ಅಲ್ಲಿಗೆ ತಲುಪಿದವನ ಮಾತುಗಾರಿಕೆಯೂ ಅದರ ಜೊತೆಗೆ ಏರ್ತದೆ. ಇದು ಯಾವ ನ್ಯಾಯ ಮಾರ್ರೆ?

ಊರಿನ ಆಟದಲ್ಲಿ ಹೀಗಿಲ್ಲ. ತೆಂಕುತಿಟ್ಟಿನ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿ ಆಗಿ ಕುಣಿಯುತ್ತಿದ್ದ. ಆಮೇಲೆ ಬಾಲಗೋಪಾಲ, ಆಮೇಲೆ ಪ್ರಸಂಗದ ಸಣ್ಣ ಸಣ್ಣ ವೇಷ. ದೊಡ್ಡ ಕಿರೀಟ ತಲೆಗೇರಬೇಕಾದರೆ ಎಷ್ಟೋ ತಿರುಗಾಟ ಕಳೆಯಬೇಕು. ತಾಳ ತಪ್ಪಿದರೆ ಪತ್ತನಾಜೆಯವರೆಗೆ ಕಾಯಬೇಕಿಲ್ಲ, ಮರುದಿನ ರಾತ್ರಿಯೇ ಇನ್ನೊಂದು ರಂಗಸ್ಥಳ ಇದೆ. ಈಗ ಕಾಲಮಿತಿ ಆಟಗಳಲ್ಲಿ ಪೂರ್ವರಂಗ ಮೊಟಕಾಗಿದೆ. ಹೊಸಬರು ತಪ್ಪು ಮಾಡಿ ಕಲಿಯುವ ಜಾಗವೂ ಅದರೊಟ್ಟಿಗೆ ಸಣ್ಣದಾಯ್ತು ಅಂತ ನಮಗನ್ನಿಸುತ್ತದೆ.

ದಾಳದ ಆಟಗಳಲ್ಲೂ ಈ ದಾರಿ ಹಿಡಿದವು ಇವೆ. 1978ರ ರೂನ್‌ಕ್ವೆಸ್ಟ್‌ನಲ್ಲಿ, ಆಮೇಲೆ 1981ರ ಕಾಲ್ ಆಫ್ ಕತುಲುವಿನಲ್ಲಿ, ಬಳಸಿ ಗೆದ್ದ ಕೌಶಲಕ್ಕೆ ಟಿಕ್ ಹಾಕುತ್ತಾರೆ. ಕೊನೆಗೆ ನೂರರ ದಾಳ ಹಾಕಿ, ಈಗಿರುವ ಅಂಕಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಕೌಶಲ ಏರ್ತದೆ. 30 ಇದ್ದವನಿಗೆ 70 ಪರ್ಸೆಂಟ್ ಚಾನ್ಸ್, 90 ಇದ್ದವನಿಗೆ ಬರೀ 10. ಕಲಿತಷ್ಟೂ ಕಲಿಯುವುದು ಕಷ್ಟ ಅನ್ನುವುದು ಲೆಕ್ಕದೊಳಗೇ ಬಂತು. ಡಂಜನ್ ವರ್ಲ್ಡ್ ಇನ್ನೂ ಮುಂದೆ ಹೋಗುತ್ತದೆ: ಎರಡು ದಾಳ ಸೇರಿ 6 ಅಥವಾ ಕಡಿಮೆ ಬಂದರೆ ಸೋಲು, ಆದರೆ ಒಂದು ಎಕ್ಸ್‌ಪಿ ಸಿಗ್ತದೆ.

ಟಿಕ್ ಪದ್ಧತಿಯಲ್ಲೂ ತೊಂದರೆ ಇದೆ, ಒಪ್ಪುತ್ತೇವೆ. ಟಿಕ್ ಆಸೆಗೆ ಸುಮ್ಮನೆ ಮರ ಹತ್ತುವವರು, ಬೀಗ ಒಡೆಯುವವರು ಹುಟ್ಟಿಕೊಳ್ತಾರೆ. ಅದಕ್ಕೆ ನಾವು ಎರಡು ನಿಯಮ ಮಾಡಿದೆವು. ಸೋತರೂ ಟಿಕ್ ಇದೆ, ಆದರೆ ಆ ಸೋಲಿನಿಂದ ಕಥೆಗೆ ಏನಾದರೂ ಪೆಟ್ಟು ಬಿದ್ದಿರಬೇಕು. ಒಬ್ಬರಿಗೆ ಒಂದು ರಾತ್ರಿಗೆ ಒಂದೇ ಟಿಕ್.

ಇನ್ನೊಂದು ಸಂಗತಿ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು. ಕನ್ನಡದಲ್ಲಿ ಆಡುವ ಅಂತ ಹೊರಟಾಗ ನಮ್ಮಲ್ಲೊಬ್ಬ ಬಾಯಿಯೇ ಬಿಡುತ್ತಿರಲಿಲ್ಲ. ಹೊಸ ನಿಯಮ ಬಂದ ಮೇಲೆ ರಾಜನ ಎದುರು ನಿಂತು ಅರ್ಥ ಹೇಳಲು ಹೋದ, 'ಕ್ಷಮಿಸಿ' ಅನ್ನುವಲ್ಲಿ 'ಶ್ರಮಿಸಿ' ಅಂದ. ಎಲ್ಲರೂ ನಕ್ಕೆವು, ಅವನಿಗೆ ಟಿಕ್ ಸಿಕ್ಕಿತು. ಮುಂದಿನ ಶನಿವಾರ ಅವನೇ ಮೊದಲು ಮಾತಾಡಿದ.

ಕ್ಯಾಂಪಸ್ಸಿನಲ್ಲಿ ಮಾತ್ರ ನಮಗೆ ಸಿಗುವುದು ಗಾಬ್ಲಿನ್ ಲೆಕ್ಕವೇ: ಇಷ್ಟು ಇಂಟರ್ನಲ್ಸ್, ಇಷ್ಟು ಕ್ರೆಡಿಟ್. ಬ್ಯಾಕ್‌ಲಾಗ್ ಬಂದವನು ಏನು ಕಲಿತ ಅಂತ ಯಾರೂ ಕೇಳುವುದಿಲ್ಲ. ಅದನ್ನು ಬದಲಿಸುವುದು ನಮ್ಮ ಕೈಲಿಲ್ಲ. ನಮ್ಮ ಮೇಜಿನ ನಿಯಮ ನಮ್ಮ ಕೈಲಿದೆ, ನಿಮ್ಮದು ನಿಮ್ಮ ಕೈಲಿದೆ. ಈ ಬರಹದಲ್ಲಿ ತಪ್ಪು ಸಿಕ್ಕಿದರೆ ಧಾರಾಳ ನಗಿ, ಒಂದು ಟಿಕ್ಕೂ ಹಾಕಿ.