ಮರಗೆಲಸದ ಮೊದಲ ಪಾಠ ಸಿಎನ್‌ಸಿ ಯಂತ್ರದಲ್ಲಿ ಆಗಬಹುದೇ?

ಯಂತ್ರದ ಚಲನೆಯನ್ನು ಸಂಖ್ಯೆಗಳ ಮೂಲಕ ನಿಯಂತ್ರಿಸುವ ವಿಧಾನವನ್ನು ಅಮೆರಿಕದ ಎಂಐಟಿ ಸಂಸ್ಥೆಯು 1952ರಲ್ಲಿ ಲೋಹ ಕೊರೆಯುವ ಯಂತ್ರವೊಂದರಲ್ಲಿ ಪ್ರದರ್ಶಿಸಿದಾಗ ಅದು ದೊಡ್ಡ ಕಾರ್ಖಾನೆಗಳಿಗಷ್ಟೇ ಎಟುಕುವ ವಿದ್ಯೆಯಾಗಿತ್ತು. 2009ರಲ್ಲಿ ಆರಂಭವಾದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವು ಅಂಗೈಗಿಂತ ಚಿಕ್ಕದಾದ ಆರ್ಡುಯಿನೊ ಎಂಬ ನಿಯಂತ್ರಣ ಫಲಕದಿಂದಲೇ ಮೂರು ದಿಕ್ಕಿನ ಚಲನೆಯನ್ನು ನಡೆಸಲು ಸಾಧ್ಯವಾಗಿಸಿದ ಮೇಲೆ ಸಿಎನ್‌ಸಿ, ಅಂದರೆ ಗಣಕದ ಸಂಖ್ಯಾನಿಯಂತ್ರಣದಲ್ಲಿ ಕೊರೆಯುವ ಯಂತ್ರ, ಮನೆಯ ಮೇಜನ್ನೂ ಏರಿತು. ಹವ್ಯಾಸಿಗಳ ನಡುವೆ ಬಹಳ ಬಳಕೆಯಲ್ಲಿರುವ 3018 ಮಾದರಿಗೆ ಆ ಹೆಸರು ಬಂದಿರುವುದು ಸುಮಾರು 30 ಸೆಂ.ಮೀ. ಉದ್ದ ಮತ್ತು 18 ಸೆಂ.ಮೀ. ಅಗಲದ ಅದರ ಕೆಲಸದ ಹರವಿನಿಂದ. ಉಳಿ ಹಿಡಿದೇ ಅರಿಯದವರು ಮರಗೆಲಸವನ್ನು ಇಂಥ ಯಂತ್ರದಿಂದಲೇ ಆರಂಭಿಸಬಹುದೇ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಪಕ್ಷಗಳನ್ನು ಒಂದೇ ವಸ್ತುವಿನ ಮೇಲೆ ಒರೆಗೆ ಹಚ್ಚಿದರೆ ವ್ಯತ್ಯಾಸ ತಿಳಿಯಾಗುತ್ತದೆಯಾದ್ದರಿಂದ, ಕರಾವಳಿಯಲ್ಲಿ ಚೆನ್ನೆಮಣೆ ಎಂದೂ ಬಯಲುಸೀಮೆಯಲ್ಲಿ ಅಳಗುಳಿಮಣೆ ಎಂದೂ ಕರೆಯುವ, ಏಳೇಳರ ಎರಡು ಸಾಲುಗಳಲ್ಲಿ 14 ಗುಳಿಗಳಿರುವ ಆಟದ ಮಣೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಪರ

ಪ್ರತಿ ಗುಳಿಯ ಬಾಯಿ 34 ಮಿ.ಮೀ., ಗುಳಿಯ ನಡುವಿನಿಂದ ಪಕ್ಕದ ಗುಳಿಯ ನಡುವಿಗೆ 40 ಮಿ.ಮೀ. ಎಂದು ಇಟ್ಟುಕೊಂಡರೆ ಏಳು ಗುಳಿಗಳ ಸಾಲು 274 ಮಿ.ಮೀ.ಗೆ ಮುಗಿದು ಸಣ್ಣ ಯಂತ್ರದ ಹರವಿನೊಳಗೇ ಕೂರುತ್ತದೆ. ಹದಿನಾಲ್ಕೂ ಗುಳಿಗಳು ಒಂದೇ ಆಳಕ್ಕೆ, ಒಂದೇ ದುಂಡಿಗೆ ಬರಬೇಕೆಂದರೆ ಕೈಗೆ ವರ್ಷಗಳ ಪಳಗಿಕೆ ಬೇಕು. ಯಂತ್ರಕ್ಕೆ ಬೇಕಾದದ್ದು ಬಿಟ್, ಅಂದರೆ ತಿರುಗುತ್ತ ಮರ ಕೊರೆಯುವ ಅಲಗಿನ ಕಡ್ಡಿ, ಎಲ್ಲಿಗೆ, ಯಾವ ವೇಗದಲ್ಲಿ ಹೋಗಬೇಕೆಂದು ಸಾಲುಸಾಲಾಗಿ ಹೇಳುವ ಜಿ-ಕೋಡ್ ಎಂಬ ಆದೇಶಪಟ್ಟಿ ಮಾತ್ರ. ಬಡಗಿಯ ಮನೆಯಲ್ಲಿ ಹುಟ್ಟದ, ಕಲಿಸುವ ಗುರು ಹತ್ತಿರದಲ್ಲಿಲ್ಲದ, ಬಾಡಿಗೆ ಮನೆಯ ಒಂದು ಮೂಲೆಯನ್ನಷ್ಟೇ ಬಿಡಿಸಿಕೊಳ್ಳಬಲ್ಲ ವ್ಯಕ್ತಿಗೆ ಮೊದಲ ವಾರದಲ್ಲೇ ಆಡಬಹುದಾದ ಮಣೆಯೊಂದು ಕೈಗೆ ಬರುವುದು ಸಣ್ಣ ಸಂಗತಿಯಲ್ಲ, ಏಕೆಂದರೆ ಕಲಿಕೆಯನ್ನು ಮುಂದುವರಿಸುವ ಆಸೆ ಹುಟ್ಟುವುದು ಅಲ್ಲಿಂದಲೇ.

ಯಂತ್ರ ಏನನ್ನೂ ಕಲಿಸುವುದಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಎರಡು ಅಲಗಿನ ಬಿಟ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತ 600 ಮಿ.ಮೀ. ಮುಂದೆ ಸಾಗಿದರೆ ಒಂದೊಂದು ಅಲಗು ಒಮ್ಮೆಗೆ 0.03 ಮಿ.ಮೀ.ನಷ್ಟು ಮರವನ್ನು ಕಚ್ಚುತ್ತದೆ. ಸಾಗುವ ವೇಗವನ್ನು ಅತಿಯಾಗಿ ತಗ್ಗಿಸಿದಾಗ ಅಲಗು ಕತ್ತರಿಸುವ ಬದಲು ಉಜ್ಜತೊಡಗಿ, ಸಿಬರಿನ ಬದಲು ಹಿಟ್ಟಿನಂಥ ಪುಡಿ ಉದುರಿ, ಮರ ಸುಟ್ಟ ವಾಸನೆ ಬಂದು, ಗುಳಿಯ ಅಂಚು ಕಂದುತ್ತದೆ. ಗುಳಿಯ ನುಣುಪಿನ ಲೆಕ್ಕವೂ ಹೀಗೆಯೇ ಕಣ್ಣಿಗೆ ಕಾಣುವಂಥದ್ದು: 3.175 ಮಿ.ಮೀ. ವ್ಯಾಸದ, ತುದಿ ದುಂಡಗಿರುವ ಬಿಟ್ ಒಂದು ಗೆರೆಯಿಂದ ಮುಂದಿನ ಗೆರೆಗೆ 1 ಮಿ.ಮೀ. ಸರಿದರೆ ನಡುವೆ ಸುಮಾರು 0.08 ಮಿ.ಮೀ. ಎತ್ತರದ ಏಣು ಉಳಿದು ಬೆರಳಿಗೆ ತಾಕುತ್ತದೆ, 0.3 ಮಿ.ಮೀ. ಮಾತ್ರ ಸರಿದರೆ ಆ ಏಣು 0.01ಕ್ಕಿಂತ ಕೆಳಗಿಳಿಯುತ್ತದೆ, ಆದರೆ ಸಮಯ ಮೂರು ಪಟ್ಟಿಗೂ ಮೀರುತ್ತದೆ. ತಾಳ್ಮೆಗೂ ನುಣುಪಿಗೂ ಇರುವ ಈ ಸಂಬಂಧವು ಉಪ್ಪುಕಾಗದ ಹಿಡಿದ ಪ್ರತಿ ಬಡಗಿಯೂ ಬಲ್ಲ ಸಂಬಂಧವೇ ಆಗಿದೆ.

ವಿರೋಧ

ಯಂತ್ರವು ಬಡಗಿಗಳ ಅನ್ನ ಕಸಿಯುತ್ತದೆ ಎಂಬ ಆಕ್ಷೇಪವನ್ನು ಇಲ್ಲಿ ಬದಿಗಿಡಬಹುದು. ಒಂದು ಗೇಣಿಗಿಂತ ತುಸು ದೊಡ್ಡದಾದ ಹರವಿನ ಯಂತ್ರಕ್ಕೆ ಬಾಗಿಲು, ಕಿಟಕಿ, ಮಂಚಗಳ ಕೆಲಸ ಹತ್ತುವುದಿಲ್ಲ. ನಿಜವಾದ ಆಕ್ಷೇಪ ಬೇರೆಯದು, ಮತ್ತು ಅದಕ್ಕೆ ಹೆಚ್ಚು ತೂಕವಿದೆ: ಜಿ-ಕೋಡಿಗೆ ಹಲಗೆಯ ಉದ್ದಗಲ ಗೊತ್ತು, ಮರದ ಎಳೆ ಗೊತ್ತಿಲ್ಲ.

ಎಳೆ ಎಂದರೆ ಮರ ಬೆಳೆದ ದಿಕ್ಕಿನಲ್ಲಿ ಒತ್ತಾಗಿ ಹೊಂದಿಕೊಂಡಿರುವ ನಾರುಗಳ ಸಾಲು. ಹಲಸಿನ ಹಲಗೆಯಲ್ಲಿ ಕೈಯಿಂದ ಗುಳಿ ತೋಡುವವರು ಬಾಗಿದ ಬಾಯಿಯ ಉಳಿಯನ್ನು ಎಳೆಯ ಜಾಡಿನಲ್ಲೇ ಅಂಚಿನಿಂದ ತಳದವರೆಗೆ ಇಳಿಸಿ ಅಲ್ಲಿಗೆ ನಿಲ್ಲಿಸುತ್ತಾರೆ. ಅದೇ ಓಟದಲ್ಲಿ ಆಚೆಯ ಗೋಡೆಯನ್ನು ಹತ್ತಿದರೆ ಉಳಿ ನಾರುಗಳ ಎದುರಾಗಿ ಸಾಗಿ ಅವನ್ನು ಸೀಳಿ ಎಬ್ಬಿಸುವುದರಿಂದ, ಮಣೆಯನ್ನು ತಿರುಗಿಸಿಕೊಂಡು ಎದುರು ಅಂಚಿನಿಂದ ಮತ್ತೆ ಇಳಿಯುತ್ತಾರೆ. ಯಂತ್ರದ ಬಿಟ್ ಗುಳಿಯನ್ನು ಸುತ್ತುಹೊಡೆಯುತ್ತ ಎಲ್ಲ ದಿಕ್ಕುಗಳನ್ನೂ ಒಂದೇ ಸಮನೆ ಹಾಯುತ್ತದೆ, ಆದ್ದರಿಂದ ಗುಳಿಯ ಒಂದೆಡೆ ನುಣ್ಣಗಿದ್ದು ಇನ್ನೊಂದೆಡೆ ನವಿರೆದ್ದಂತೆ ಒರಟಾಗುತ್ತದೆ. ಮೊದಲಿಗೇ ಯಂತ್ರ ಹಿಡಿದವರು ಇದನ್ನು ಬಿಟ್ಟಿನ ದೋಷವೆಂದೋ ವೇಗದ ದೋಷವೆಂದೋ ತಿಳಿದು ಸಂಖ್ಯೆಗಳನ್ನು ಬದಲಿಸುತ್ತ ಕೂರುತ್ತಾರೆ.

ಹಲಗೆ ಯಂತ್ರಕ್ಕೆ ಏರುವ ಮೊದಲೇ ಮುಗಿಯಬೇಕಾದ ಕೆಲಸವೂ ಇದೆ. ತಿರುಚಿಕೊಂಡ ಹಲಗೆಯನ್ನು ಹಾಗೆಯೇ ಬಿಗಿದರೆ ಒಂದು ತುದಿಯ ಗುಳಿ ಆಳವಾಗಿ, ಇನ್ನೊಂದು ತುದಿಯದು ಮೇಲಾಗಿ ಬರುತ್ತದೆ. ಅದನ್ನು ತಪ್ಪಿಸುವುದು ಹತ್ತರಿ ಹೊಡೆದು ಮಟ್ಟಮಾಡಿದ ಕೈ. ಮರವು ಒಣಗುವಾಗ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ; ಹದವಾಗಿ ಒಣಗದ ಹಲಗೆಯಲ್ಲಿ ಯಂತ್ರವು ಕರಾರುವಾಕ್ಕಾಗಿ ಕೊರೆದ ದುಂಡು ಗುಳಿಗಳು ಕೆಲವು ತಿಂಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುವುದು ಈ ಕಾರಣದಿಂದ. ಕಾಳುಗಳನ್ನಿಡಲು ಮಣೆಗೆ ಚೌಕದ ಮನೆಯೊಂದನ್ನು ಸೇರಿಸಿದರೂ ತಿರುಗುವ ಬಿಟ್ ಒಳಮೂಲೆಯಲ್ಲಿ ತನ್ನ ಅರ್ಧ ವ್ಯಾಸದಷ್ಟು, ಅಂದರೆ ಸುಮಾರು 1.6 ಮಿ.ಮೀ. ದುಂಡನ್ನು ಬಿಟ್ಟೇ ಬಿಡುತ್ತದೆ, ಆ ಮೂಲೆಯನ್ನು ಚೂಪಾಗಿಸಲು ಕೊನೆಗೆ ಉಳಿಯೇ ಬೇಕು. ನುಣ್ಣನೆಯ ಪುಡಿಯ ಮಾತನ್ನೂ ಹಗುರವಾಗಿ ನೋಡುವಂತಿಲ್ಲ: ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನ ವಸ್ತುಗಳಲ್ಲಿ ಸೇರಿಸಿದೆ, ಮಲಗುವ ಕೋಣೆಯ ಮೂಲೆ ಈ ಯಂತ್ರಕ್ಕೆ ತಕ್ಕ ಜಾಗವಲ್ಲ.

ಆದ್ದರಿಂದ ವಿರೋಧಿ ಪಕ್ಷ ಕೇಳುವುದು ಯಂತ್ರವನ್ನು ದೂರವಿಡಬೇಕೆಂದಲ್ಲ, ಅದು ಎರಡನೆಯದಾಗಿ ಬರಬೇಕೆಂದು. ಹಲಸಿನ ತುಂಡೊಂದನ್ನು ತೊಡೆಯ ಮೇಲಿಟ್ಟು ಒಂದೇ ಒಂದು ಗುಳಿಯನ್ನು ಕೈಯಾರೆ ತೋಡಿ, ಉಳಿ ಎಲ್ಲಿ ಬೆಣ್ಣೆಯಂತೆ ಇಳಿಯಿತು, ಎಲ್ಲಿ ತಡೆದು ನಿಂತಿತು ಎಂಬುದನ್ನು ಒಮ್ಮೆ ಕಂಡವರಿಗೆ, ಉಳಿದ ಹದಿಮೂರನ್ನು ಯಂತ್ರ ಕೊರೆದಾಗ ಯಾವ ಗೋಡೆಯಲ್ಲಿ ನಾರು ಏಳುತ್ತದೆಂದು ಮೊದಲೇ ಗೊತ್ತಿರುತ್ತದೆ.