ಹುರಿದರೂ ಅದು ಅಡಿಕೆಯೇ



ಕಳೆದ ವಾರ ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬಂದ ಅಡಿಕೆ ಆಮದಿನ ಲೇಖನಕ್ಕೆ ಇದು ಉತ್ತರ. ಒಣ ಅಡಿಕೆ ಬೇರೆ, ಹುರಿದ ಅಡಿಕೆ ಬೇರೆ, ಅಂತರರಾಷ್ಟ್ರೀಯ ಸರಕು ವರ್ಗೀಕರಣ ಪಟ್ಟಿಯಲ್ಲೇ ಹಾಗಿದೆ, ಬೆಳೆಗಾರರು ನಿಯಮ ಓದದೆ ಗುಲ್ಲೆಬ್ಬಿಸುತ್ತಾರೆ ಎಂದು ಲೇಖಕರು ಬರೆದಿದ್ದಾರೆ. ಮಂಡಿಯಲ್ಲಿ ಟೆಂಡರ್ ಬರೆಯುವ ಹೊತ್ತಿಗೆ ಖರೀದಿದಾರರೊಬ್ಬರು ಆ ಪುಟವನ್ನು ಜೇಬಿನಿಂದ ತೆಗೆದು ನಮ್ಮೆದುರೇ ಗಟ್ಟಿಯಾಗಿ ಓದಿದರು. ವರ್ಷವಿಡೀ ತೋಟದಲ್ಲಿ ದುಡಿದು ಮಾಲು ತಂದು ಸುರಿದವರ ಮುಂದೆ ಆಡುವ ಮಾತೇ ಅದು? ನಿಯಮವನ್ನು ನಾವೂ ಓದಿದ್ದೇವೆ.

ಸುಂಕದ ಪಟ್ಟಿಯಲ್ಲಿ ಅಡಿಕೆಯ ಜಾಗ ಎಂಟನೇ ಅಧ್ಯಾಯ, ಸಂಖ್ಯೆ 0802 80. ಇಡಿ, ಹೋಳು, ಪುಡಿ ಎಲ್ಲವೂ ಅಲ್ಲೇ ಬರುತ್ತವೆ. ಆಮದು ಸುಂಕ ಶೇ 100. ಅದರ ಮೇಲೆ ಕನಿಷ್ಠ ಆಮದು ಬೆಲೆ ಇದೆ; ಅದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ. ಕೆಜಿಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಿದರು. ಅಂದರೆ ಪೂರ್ತಿ ಸುಂಕ ಕಟ್ಟಿ ನಿಯಮದಂತೆ ಬರುವ ಒಂದು ಕೆಜಿ ಹೊರಗಿನ ಅಡಿಕೆ ಬಂದರು ದಾಟುವಾಗಲೇ ಕನಿಷ್ಠ 702 ರೂಪಾಯಿ ಆಗಬೇಕು. ಸಣ್ಣ ಹಿಡುವಳಿದಾರರಿಗೆ ಸರ್ಕಾರ ಹಾಕಿಕೊಟ್ಟ ಬೇಲಿ ಇದೊಂದೇ.

ಈ ಬೇಲಿ ದಾಟಲು ಆಮದುದಾರರು ಕಂಡುಕೊಂಡ ಉಪಾಯ, ಅಡಿಕೆಯನ್ನು ಬೇರೆ ಅಧ್ಯಾಯಕ್ಕೆ ಸಾಗಿಸುವುದು. ಮೊದಲು ಕಣ್ಣು ಬಿದ್ದದ್ದು 21ನೇ ಅಧ್ಯಾಯದ ‘ಸುಪಾರಿ’ಯ ಮೇಲೆ, ಸಂಖ್ಯೆ 2106 90 30. ಸುಣ್ಣ, ಕಾಚು, ತಂಬಾಕು ಇಲ್ಲದ, ಏಲಕ್ಕಿ, ಕೊಬ್ಬರಿ, ಮೆಂಥಾಲ್‌ನಂಥವು ಸೇರಿರಬಹುದಾದ ಅಡಿಕೆಯ ತಯಾರಿಕೆ ಎಂದು ಅದಕ್ಕೆ ಅಲ್ಲೇ ವಿವರಣೆ ಇದೆ. ಮದುವೆ ಮನೆಯಲ್ಲಿ ಊಟದ ನಂತರ ತಟ್ಟೆಯಲ್ಲಿಡುವ ಸಿಹಿ ಅಡಿಕೆ ಪುಡಿಗೆ ಅದು ಒಪ್ಪುತ್ತದೆ. ಬರೀ ಬೇಯಿಸಿ ಒಣಗಿಸಿದ ಅಡಿಕೆಯನ್ನೂ ಅದರೊಳಗೆ ಸೇರಿಸಿ ಎಂದು ಕೇಳಿಕೊಂಡು ಮಾಲು ಬರುವ ಮೊದಲೇ ವರ್ಗೀಕರಣ ಹೇಳುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರದವರೆಗೆ ಹೋದರು. ಬೇಯಿಸಿದ್ದರಿಂದ ಅದು ಹೊಸ ಪದಾರ್ಥವಾಯಿತಂತೆ.

ಮಲೆನಾಡಿನಲ್ಲಿ ಕೆಂಪಡಿಕೆ ಆಗುವುದೇ ಬೇಯಿಸಿ, ಸ್ವಾಮಿ. ಕೊನೆ ಇಳಿಸಿ, ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಮೋಡ ಕವಿದರೆ ಎದೆ ಹೊಡೆದುಕೊಳ್ಳುತ್ತಾ ಅಂಗಳದಲ್ಲಿ ಒಣಗಿಸುತ್ತೇವೆ. ರಾಶಿ, ಬೆಟ್ಟೆ, ಸರಕು ಎಂದು ವಿಂಗಡಿಸುತ್ತೇವೆ. ಎಪಿಎಂಸಿ ಸೆಸ್ ಕಟ್ಟಿಸಿಕೊಳ್ಳುವುದು ಅಡಿಕೆ ಎಂದೇ, ಜಿಎಸ್‌ಟಿ ಬಿಲ್ಲಿನಲ್ಲಿ ಬರೆಯುವುದು ಅಡಿಕೆ ಎಂದೇ. ಬೇಯಿಸಿದ ಮೇಲೆ ಅದು ಅಡಿಕೆ ಅಲ್ಲವೆಂದಾದರೆ ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಗಳಲ್ಲಿ ದಿನವೂ ತೂಗುತ್ತಿರುವುದು ಏನನ್ನು? ಇದು ನನ್ನೊಬ್ಬನ ವಾದವಲ್ಲ. ಅಡಿಕೆಯನ್ನು ಚೂರು ಮಾಡಿ ಎಣ್ಣೆ, ಮೆಂಥಾಲ್, ಸಿಹಿ ಬೆರೆಸಿದ ಮಾತ್ರಕ್ಕೆ ಹೊಸ ಉತ್ಪನ್ನ ಆಗುವುದಿಲ್ಲ, ಅಡಿಕೆ ಅಡಿಕೆಯಾಗಿಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟೇ 2007ರಲ್ಲಿ ಕ್ರೇನ್ ಅಡಿಕೆ ಪುಡಿ ಪ್ರಕರಣದಲ್ಲಿ ಹೇಳಿದೆ. ಅದು ಅಬಕಾರಿ ಸುಂಕದ ಪ್ರಕರಣ, ನಿಜ. ಆದರೆ ಪದಾರ್ಥ ಅದೇ ತಾನೇ?

ಆಮೇಲೆ ಹಿಡಿದದ್ದು 20ನೇ ಅಧ್ಯಾಯವನ್ನು. ಅಲ್ಲಿ 2008 19ರಡಿ ಹುರಿದ ಬೀಜಗಳಿವೆ. ಅಂತರರಾಷ್ಟ್ರೀಯ ಪಟ್ಟಿಯ ವಿವರಣಾ ಟಿಪ್ಪಣಿಯಲ್ಲಿ ಹುರಿದ ಬಾದಾಮಿ, ಶೇಂಗಾದ ಸಾಲಿನಲ್ಲೇ ಅಡಿಕೆಯ ಹೆಸರಿದೆ ಎಂಬುದನ್ನೇ ನಿಮ್ಮ ಲೇಖಕರು ದೊಡ್ಡ ಸಾಕ್ಷಿ ಮಾಡಿಕೊಂಡಿದ್ದಾರೆ. ಎಂಟನೇ ಅಧ್ಯಾಯದ ಮೂರನೇ ಟಿಪ್ಪಣಿಯನ್ನು ಮಾತ್ರ ಬಿಟ್ಟಿದ್ದಾರೆ. ಒಣಗಿದ ಕಾಯಿಯನ್ನು ಕೆಡದಿರಲೆಂದು ಹದವಾಗಿ ಬಿಸಿ ಮಾಡಿದರೂ, ನೋಟ ಚೆನ್ನಾಗಿರಲೆಂದು ಎಣ್ಣೆ ಸವರಿದರೂ, ಒಣ ಕಾಯಿಯ ಗುಣ ಉಳಿದಿದ್ದರೆ ಅದು ಎಂಟನೇ ಅಧ್ಯಾಯದಲ್ಲೇ ಇರಬೇಕು ಎನ್ನುತ್ತದೆ ಆ ಟಿಪ್ಪಣಿ. ಹದವಾದ ಬಿಸಿ ಎಲ್ಲಿಗೆ ಮುಗಿಯಿತು, ಹುರಿಯುವುದು ಎಲ್ಲಿಂದ ಶುರುವಾಯಿತು? ನೂರಾರು ಚೀಲ ಬಂದಿಳಿದಾಗ ಕಸ್ಟಮ್ಸ್‌ನವರು ಇದನ್ನು ಹೇಗೆ ಹೇಳಬೇಕು? ಹುರಿದ ಬಾದಾಮಿ ಪೊಟ್ಟಣದಿಂದ ನೇರ ಬಾಯಿಗೆ ಹೋಗುತ್ತದೆ. ಹುರಿದದ್ದೆಂದು ಬರುವ ಅಡಿಕೆ ನಮ್ಮ ಅಡಿಕೆ ಹೋಗುವ ಪಾನ್ ಮಸಾಲಾ ಕಾರ್ಖಾನೆಗೇ ಹೋಗಿ, ನಮ್ಮ ಅಡಿಕೆಯ ಜೊತೆಗೇ ಬೆರೆಯುತ್ತದೆ, ನಮ್ಮ ದರವನ್ನೇ ಇಳಿಸುತ್ತದೆ.

ಆದರೂ ಮದ್ರಾಸ್ ಹೈಕೋರ್ಟ್ 2023ರಲ್ಲಿ, ಹುರಿದ ಅಡಿಕೆ 20ನೇ ಅಧ್ಯಾಯದ್ದು ಎಂಬ ಆಮದುದಾರರ ಕಡೆಯ ವರ್ಗೀಕರಣವನ್ನೇ ಎತ್ತಿಹಿಡಿಯಿತು. ಕನಿಷ್ಠ ಬೆಲೆ ಇದ್ದದ್ದು 0802 80ಕ್ಕೆ ಮಾತ್ರ. ಹುರಿದ ಅಡಿಕೆಗೂ 351ರ ಮಿತಿ ಹಾಕಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ 2025ರ ಏಪ್ರಿಲ್ ಬೇಕಾಯಿತು. ಅಲ್ಲಿಯವರೆಗೆ ದಿಡ್ಡಿ ಬಾಗಿಲು ತೆರೆದೇ ಇತ್ತು. ಈಗಲೂ ಬೆಲೆಯ ಮಿತಿ ಬಂದಿದೆಯೇ ಹೊರತು ಸುಂಕ ಒಂದಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಜೈಗಾಂವ್ ಗಡಿ ಠಾಣೆಯ ಮೂಲಕ ತರಲು ಅನುಮತಿ ಕೊಟ್ಟರು. ಅದಕ್ಕೆ ಕನಿಷ್ಠ ಬೆಲೆಯ ಷರತ್ತೇ ಇಲ್ಲ. ಆ ವರ್ಷ ಮಲೆನಾಡಿನಲ್ಲಿ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿತ್ತು. ಹಳದಿ ಎಲೆ ರೋಗ, ಕೊಳೆರೋಗ ಮೊದಲೇ ಇದ್ದವು. ಬೋರ್ಡೋ ದ್ರಾವಣ ಹೊಡೆಸಲು ಆಳು ಸಿಗದೆ ನಾವು ಒದ್ದಾಡುತ್ತಿದ್ದಾಗ ಬಂದ ಸುದ್ದಿ ಅದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ನೆರೆ ದೇಶದ ಸ್ನೇಹಕ್ಕೆ ನಮ್ಮ ಆಕ್ಷೇಪವಿಲ್ಲ; ಆ ಸ್ನೇಹದ ಖರ್ಚನ್ನು ಅಡಿಕೆ ಬೆಳೆಗಾರನೇ ಏಕೆ ಹೊರಬೇಕು?

ನಮ್ಮ ಬೇಡಿಕೆಯಲ್ಲಿ ಗೋಜಲೇನೂ ಇಲ್ಲ. ಅಡಿಕೆ ಹಸಿಯಿರಲಿ, ಒಣಗಿರಲಿ, ಬೇಯಿಸಿರಲಿ, ಹುರಿದಿರಲಿ, ಸಕ್ಕರೆ ಬೆರೆತಿರಲಿ, ಒಳಗಿರುವ ಅಡಿಕೆಯ ತೂಕಕ್ಕೆ ಒಂದೇ ಸುಂಕ, ಒಂದೇ ಕನಿಷ್ಠ ಬೆಲೆ ಇರಲಿ. ಅಧ್ಯಾಯ ಯಾವುದಾದರೂ ಆಗಲಿ. ಸುಂಕದ ಪಟ್ಟಿಯನ್ನು ತಿದ್ದಲು ಹಣಕಾಸು ಮಸೂದೆಯಲ್ಲಿ ಪ್ರತಿ ವರ್ಷ ಅವಕಾಶವಿದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಸಂಸದರು ಪಕ್ಷ ಬದಿಗಿಟ್ಟು, ಮುಂದಿನ ಬಜೆಟ್‌ಗೆ ಮೊದಲೇ ಒಟ್ಟಾಗಿ ಹಣಕಾಸು ಸಚಿವಾಲಯಕ್ಕೆ ಹೋಗಿ ಇದನ್ನು ಲಿಖಿತವಾಗಿ ಕೊಡಬೇಕು. ಕೊಟ್ಟರೋ ಇಲ್ಲವೋ ಎಂಬುದನ್ನು ನಿಮ್ಮ ವರದಿಗಾರರು ಪ್ರತಿಯೊಬ್ಬ ಸಂಸದರನ್ನೂ ಕೇಳಿ, ಉತ್ತರವನ್ನು ಹೆಸರು ಸಮೇತ ಪ್ರಕಟಿಸಬೇಕು.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು